ಅಯಸ್ಕಾಂತ ಅಂಟದ ಬಾಗಿಲು

ನಮ್ಮ ಭಾವನಿಗೆ ಸೋರುವುದೆಂದರೆ ಆಗದು. ನಲ್ಲಿ ತೊಟ್ಟಿಕ್ಕಿದರೂ ಸರಿ, ಲೋಟದಿಂದ ಒಂದು ಹನಿ ಟೀ ಇಳಿದರೂ ಸರಿ, ಎದ್ದು ಹೋಗಿ ಒರೆಸಿ ಬಂದರೇ ಅವರಿಗೆ ಸಮಾಧಾನ. ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬು. ಅಕ್ಷರದ ಬುಡದಿಂದ ಬಣ್ಣ ಒಂದೆಳೆ ಕೆಳಗಿಳಿಯಿತೆಂದರೆ ಇಡೀ ಬೋರ್ಡು ಅಳಿಸಿ ಮತ್ತೆ ಬರೆಯುವ ಆಸಾಮಿ. ಊರಲ್ಲಿ ಅವರಷ್ಟು ಚೊಕ್ಕ ಕೈ ಇನ್ನೊಬ್ಬರದಿಲ್ಲ. ನಾದಿನಿಯಾದ ನಾನು ಇಷ್ಟು ಹೊಗಳಿದ್ದೇ ಹೆಚ್ಚು, ಅವರ ಕಿವಿಗೆ ಬಿದ್ದರೆ ತಲೆ ಮೇಲೆ ಕೂರುತ್ತಾರೆ.

ಅಕ್ಕನಿಗೆ ಚಿಕ್ಕಂದಿನಿಂದ ಬಲಗಾಲು ಸ್ವಾಧೀನವಿಲ್ಲ. ಊರುಗೋಲು ಹಿಡಿದು ಗೇಟಿನವರೆಗೆ ಹೋಗಿಬರುವಷ್ಟರಲ್ಲಿ ಸುಸ್ತಾಗುತ್ತಾಳೆ. ಮದುವೆಯಾದ ಹೊಸತರಲ್ಲಿ ಭಾವ ಒಂದು ಹಳೆ ಕಾರು ತಂದು, ಗುರುತಿನ ಮೆಕ್ಯಾನಿಕ್ ಒಬ್ಬರ ಕೈಲಿ ಅದರ ನೆಲದ ತಗಡಿಗೆ ಕೈಲಿವರ್ ಕೂರಿಸಿದರು. ಮುಂದಕ್ಕೆ ತಳ್ಳಿದರೆ ಬ್ರೇಕು, ಹಿಂದಕ್ಕೆ ಎಳೆದರೆ ವೇಗ. ಕ್ಲಚ್ಚಿಗೆ ಎಡಗಾಲು ಸಾಕು. ಅಕ್ಕ ಟೈಲರ್. ಅಂದಿನಿಂದ ಯಾರ ಹಂಗೂ ಇಲ್ಲದೆ ಮನೆಮನೆಗೆ ಕಾರಿನಲ್ಲಿ ಹೋಗಿ ಅಳತೆ ತಂದು ಹೊಲಿಯುತ್ತಾಳೆ. ಲಿವರ್ ಮಾಡಿಕೊಟ್ಟವರು ತೀರಿಕೊಂಡು ಎಷ್ಟೋ ಕಾಲವಾಯಿತು. ಬೇರೆ ಕಾರಿಗೆ ಅದನ್ನು ಕೂರಿಸಿಕೊಡಿ ಎಂದು ಕೇಳಿದ ಕಡೆಯೆಲ್ಲ ಆಗುವುದಿಲ್ಲ ಎಂದರು. ಈ ಕಾರು ಹೋದರೆ ಅಕ್ಕ ಮನೆಯಲ್ಲೇ ಕೂರಬೇಕು. ನಮ್ಮ ಮೂವರಿಗೂ ಇದು ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಜೊತೆ ನಾನೂ ಹೊರಟಿದ್ದೆ. ಉದುರಿದ ಗುಂಡುಸೂಜಿ ಹೆಕ್ಕಲು ಅಕ್ಕನ ಬಳಿ ಒಂದು ಅಯಸ್ಕಾಂತವಿದೆ. ಕಾರು ಹತ್ತಿದ ಕೂಡಲೇ ಅದನ್ನು ಬಾಗಿಲಿನ ಕೆಳತುದಿಗೆ ಅಂಟಿಸಿಡುವುದು ಅವಳ ಅಭ್ಯಾಸ. ಅಂದು ಅಂಟಿಸಿದಳು, ಬಿತ್ತು. ಇನ್ನೊಮ್ಮೆ ಅಂಟಿಸಿದಳು, ಮತ್ತೆ ಬಿತ್ತು.

“ಅದಕ್ಕೂ ವಯಸ್ಸಾಯ್ತೇನೇ?” ಎಂದೆ.

ಅಕ್ಕ ನಗಲಿಲ್ಲ. “ನೀನು ಇಳಿದು ಹೊರಗಡೆ ಹಿಡಿದು ನೋಡು.”

ನೋಡಿದೆ. ಕಾರಿನ ಮಾಡಿಗೆ ಗಟ್ಟಿಯಾಗಿ ಅಂಟಿತು. ಬಾನೆಟ್ಟಿಗೂ ಅಂಟಿತು. ಬಾಗಿಲುಗಳ ಕೆಳಭಾಗ, ಚಕ್ರದ ಮೇಲಿನ ಬಾಗು, ಎಲ್ಲಿ ಹಿಡಿದರೂ ಕೈಗೇ ಉದುರಿತು. ಕನ್ನಡಿಯ ಹಾಗೆ ಹೊಳೆಯುವ ಆ ನೀಲಿ ಬಣ್ಣದ ಹಿಂದೆ ತಗಡೇ ಇರಲಿಲ್ಲ.

“ಭಾವಾ! ಇದೇನು, ಕಾರಿಗೂ ಬೋರ್ಡ್ ಬರೆದಿದ್ದೀರಾ?”

ಭಾವ ಒಳಗಿನಿಂದ ಬಂದರು. ನನ್ನ ಕೈಲಿದ್ದ ಅಯಸ್ಕಾಂತ ಕಂಡಿದ್ದೇ ತಡ, ಮುಖ ಹುಳ್ಳಗಾಯಿತು. ತುಕ್ಕು ಗುಳ್ಳೆಯೆದ್ದಾಗಲೆಲ್ಲ ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದರಂತೆ. ಅಕ್ಕ ಮಧ್ಯಾಹ್ನ ಮಲಗಿದಾಗ!

“ಹೇಳಿದ್ರೆ ಹೆದರ್ಕೊಂಡು ಕಾರು ಹತ್ತೋದೇ ಬಿಟ್ಟುಬಿಡ್ತಾಳೆ ಅಂತ…” ಎಂದು ಗೊಣಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಚೆನ್ನಾಗಿದೆ ನಿಮ್ಮ ಪ್ರೀತಿ! ಬ್ರೇಕು ಕೂತಿರೋದು ನೆಲದ ಮೇಲೆ. ನೆಲಾನೂ ಹೀಗೇ ಆಗಿದ್ರೆ ಏನ್ ಗತಿ?”

ಅಕ್ಕ ಮೆಲ್ಲಗೆ ಬೀಗದ ಕೈ ತೆಗೆದು ಭಾವನ ಕಡೆ ಚಾಚಿದಳು. “ಟಿಂಕರ್ ಹತ್ರ ಹೋಗೋಣ ನಡೀರಿ. ಇದ್ದಿದ್ದು ಇದ್ದ ಹಾಗೆ ಗೊತ್ತಾಗ್ಲಿ.”

ಕಾರಿನ ತಗಡು ಬೆಸೆಯುವ ಅವರ ಶೆಡ್ಡು ಮುಂದಿನ ಬೀದಿಯಲ್ಲೇ ಇತ್ತು. ಅಕ್ಕನನ್ನು ಒಳಗೆ ಕೂರಿಸಿ ಕಾರನ್ನು ಅಲ್ಲಿಯವರೆಗೆ ತಳ್ಳಿಕೊಂಡೇ ಹೋದೆವು, ಯಾಕೆಂದರೆ ಆ ಬ್ರೇಕನ್ನು ನಂಬುವ ಧೈರ್ಯ ಯಾರಿಗೂ ಇರಲಿಲ್ಲ. ಟಿಂಕರ್ ಸ್ಕ್ರೂಡ್ರೈವರ್ ಹಿಡಿದು ಬಾಗಿಲಿನ ಬುಡಕ್ಕೆ ಒಂದೇಟು ಕುಟ್ಟಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದದ್ದೇ ತಡ, ಗಬ್ಬು ನಾರುವ ಕಂದು ನೀರು ದಬದಬನೆ ಅವರ ಚಪ್ಪಲಿಯ ಮೇಲೆ ಸುರಿಯಿತು.

“ಇದೇನ್ ಪೇಂಟರೇ, ಬಾಗಿಲಲ್ಲಿ ಬಾವಿ ತೋಡಿದ್ದೀರಾ? ಕೆಳಗಡೆ ಸಣ್ಣ ಸಣ್ಣ ತೂತು ಇರ್ಬೇಕಿತ್ತಲ್ಲ, ಎಲ್ಲಿ?”

“ಮುಚ್ಚಿಬಿಟ್ಟೆ,” ಎಂದರು ಭಾವ, ನೆಲ ನೋಡುತ್ತ. “ಕಾರು ತೊಳೆದಾಗಲೆಲ್ಲ ಅಲ್ಲಿಂದ ನೀರು ಸೋರಿ ಬಣ್ಣದ ಮೇಲೆ ಗೆರೆ ಬೀಳ್ತಿತ್ತು.”

“ಸೋರ್ಲಿ ಅಂತಾನೇ ಸ್ವಾಮಿ ಆ ತೂತು ಇಟ್ಟಿರೋದು!” ಟಿಂಕರ್ ಹಣೆ ಚಚ್ಚಿಕೊಂಡರು. “ನೀರು ಒಳಗೇ ನಿಂತು ತಗಡನ್ನ ತಿಂದುಹಾಕಿದೆ. ಹೋಗ್ಲಿ, ಬಾಗಿಲಿಗೆ ಹೊಸ ತಗಡು ಬೆಸೆದುಕೊಡ್ತೀನಿ, ಅದೇನ್ ದೊಡ್ಡ ಮಾತಲ್ಲ. ಆದ್ರೆ ನೆಲ ಹೋಗಿದ್ರೆ ಮಾತ್ರ ನಾನು ಕೈಹಾಕಲ್ಲ. ಲಿವರ್ ಕಿತ್ಕೊಂಡ್ರೆ ಜೀವಕ್ಕೇ ಅಪಾಯ.”

ಜಾಕ್ ಕೊಟ್ಟು ಕಾರನ್ನೆತ್ತಿ ಅವರು ಕೆಳಗೆ ನುಸುಳಿದರು. ಅಕ್ಕ ಶೆಡ್ಡಿನ ಬೆಂಚಿನ ಮೇಲೆ ಕೂತು ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ನಾಳೆಯಿಂದ ಇವಳು ಕಿಟಕಿಯ ಬಳಿ ಕೂತು ಯಾರಾದರೂ ಬರಲಿ ಎಂದು ಕಾಯಬೇಕಾ ಎನಿಸಿತು.

ಕೆಳಗಿನಿಂದ ಕೆರೆಯುವ ಸದ್ದು ಬಂತು. ಕಪ್ಪು ಜಿಡ್ಡು ಹೆಂಟೆಹೆಂಟೆಯಾಗಿ ನೆಲಕ್ಕೆ ಬಿತ್ತು.

“ಅದು ಇಂಜಿನ್ ಆಯಿಲ್,” ಎಂದರು ಭಾವ ನಾಚಿಕೆಯಿಂದ. “ಮೊದಲಿಂದಲೂ ಸೋರುತ್ತೆ. ಎಷ್ಟು ಸಲ ರಿಪೇರಿ ಮಾಡಿಸಿದ್ರೂ ನಿಲ್ಲಲಿಲ್ಲ.” ಆ ಎಣ್ಣೆಯ ಕಲೆಗೆಂದೇ ಅವರು ಮನೆಯಲ್ಲಿ ಕಾರಿನಡಿ ಒಂದು ಹಳೆ ತಟ್ಟೆ ಇಟ್ಟು ದಿನಾ ಬೈಯುತ್ತ ಒರೆಸುತ್ತಿದ್ದುದು.

ಸುತ್ತಿಗೆಯ ಏಟು ಬಿತ್ತು. ಠಣ್! ಒಂದು ಕ್ಷಣ ಬಿಟ್ಟು ಇನ್ನೊಂದು ಕಡೆ, ಠಣ್!

“ಅಮ್ಮಾ, ಆ ಅಯಸ್ಕಾಂತ ಸ್ವಲ್ಪ ಕೊಡಿ.”

ನನ್ನ ಬಳಿಯೇ ಉಳಿದಿದ್ದ ಅದನ್ನು ಚಾಚಿದ ಕರಿಗೈಗೆ ಕೊಟ್ಟೆ. ಟಕ್ಕೆಂದಿತು. ಟಿಂಕರ್ ಕಾರಿನಡಿಯಲ್ಲೇ ಜೋರಾಗಿ ನಗತೊಡಗಿದರು.

“ಕೀಳೋಕೇ ಬರ್ತಿಲ್ಲ ಕಣ್ರೀ! ನೆಲ ಹೊಸದರ ಹಾಗಿದೆ. ಈ ಆಯಿಲ್ಲೇ ಕಾಪಾಡಿರೋದು. ಕಾರು ಓಡುವಾಗ ಗಾಳಿಗೆ ಹಿಂದಕ್ಕೆ ಹಾರಿ ಇಷ್ಟಗಲಕ್ಕೂ ಮೆತ್ಕೊಂಡು ನೀರು ತಾಗೋಕೇ ಬಿಟ್ಟಿಲ್ಲ. ಪೇಂಟರೇ, ಇದನ್ನೂ ನೀವು ನಿಲ್ಲಿಸಿಬಿಟ್ಟಿದ್ರೆ ಕಥೆ ಮುಗೀತಿತ್ತು!”

ಹೋದ ಜೀವ ಬಂದಂತಾಯಿತು. ಭಾವ ಅಲ್ಲೇ ಒಂದು ಟಯರಿನ ಮೇಲೆ ಕುಸಿದು ಕೂತು ಅಂಗೈಯಿಂದ ಮುಖ ಒರೆಸಿಕೊಂಡರು. ಅಕ್ಕ ಆಗ ಅತ್ತಳು. ಅಳುತ್ತಲೇ ಬೈದಳು.

“ನಾನೇನ್ ಗಾಜಿನ ಗೊಂಬೆನೇನ್ರೀ? ನನ್ನ ಕಾರಿನ ವಿಷಯ ನನಗೇ ಮುಚ್ಚಿಟ್ಟಿರಲ್ಲ! ಇನ್ಮೇಲೆ ಗುಳ್ಳೆ ಕಂಡ್ರೆ ಮೊದಲು ನನಗೆ ಹೇಳಿ. ಹೆದರೋದೋ ಬಿಡೋದೋ ನಾನು ನೋಡ್ಕೋತೀನಿ.”

“ಹೂಂ,” ಎಂದರು ಭಾವ. ಅವರು ಅಷ್ಟು ಬೇಗ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಾಗಿಲುಗಳಿಗೂ ಚಕ್ರದ ಮೇಲಿನ ಬಾಗಿಗೂ ಹೊಸ ತಗಡು ಬಂತು. ಬಾಗಿಲಿನ ಕೆಳಗಿನ ತೂತುಗಳನ್ನು ಡ್ರಿಲ್ ಹಿಡಿದು ಭಾವನೇ ಕೊರೆದರು. ಬಣ್ಣವೂ ಅವರದೇ, ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದುಂಟೇ?

ಕಾರು ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅವರು ಅದನ್ನು ತೊಳೆದು ಮುಗಿಸುವಷ್ಟರಲ್ಲಿ ಅಕ್ಕ ಬಟ್ಟೆಗಂಟಿನೊಂದಿಗೆ ಹೊರಟು ನಿಂತಳು. ಹತ್ತಿ ಕೂತು ಅಯಸ್ಕಾಂತವನ್ನು ಬಾಗಿಲಿಗೆ ಹಿಡಿದಳು. ಟಕ್. ಹೊರಗಡೆ ಆ ಬಾಗಿಲಿನ ಬುಡದಿಂದ ನೀರು ಒಂದೊಂದೇ ಹನಿ ಇಳಿಯುತ್ತಿತ್ತು. ಭಾವನ ಕೈ ತಾನಾಗಿ ಹೆಗಲ ಮೇಲಿನ ಬಟ್ಟೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

“ಒರೆಸಲ್ವಾ ಭಾವ?” ಎಂದು ಕೆಣಕಿದೆ.

“ಸೋರ್ಲಿ ಬಿಡಮ್ಮ,” ಎಂದರು.

ಅಕ್ಕ ಲಿವರ್ ಎಳೆದಳು. ಕಾರು ಸಿಮೆಂಟಿನ ಮೇಲೆ ಉದ್ದಕ್ಕೂ ಹನಿ ಉದುರಿಸುತ್ತ ಗೇಟು ದಾಟಿ ಬೀದಿಗಿಳಿಯಿತು. ಭಾವ ಕೈಕಟ್ಟಿಕೊಂಡು ಆ ಒದ್ದೆ ಗೆರೆಯನ್ನೇ ನೋಡುತ್ತ ನಿಂತರು, ಅದು ತಾನಾಗಿ ಒಣಗುವವರೆಗೆ.