ಅಳತೆಯ ಪೆಟ್ಟಿಗೆ

ತೂಬಗೆರೆಯ ಮಮತ ಗಾಜಿನ ಬಾಟಲಿಯಲ್ಲಿ ಮಾವಿನ ಉಪ್ಪಿನಕಾಯಿ ತುಂಬಿ ಕೊರಿಯರ್ ಮಾಡುತ್ತಿದ್ದಳು. ಬಾಟಲಿ ಒಡೆಯದಂತೆ ಸುತ್ತುತ್ತಿದ್ದ ಗುಳ್ಳೆ ಪ್ಲಾಸ್ಟಿಕ್ ಹಿತ್ತಲಲ್ಲಿ ಬಿದ್ದಿದ್ದನ್ನು ತಿಂದು ಮನೆಯ ಕರು ಸತ್ತ ಮೇಲೆ ಅವಳು ಆ ಪ್ಲಾಸ್ಟಿಕ್ ಮುಟ್ಟಲಿಲ್ಲ. ಆದರೆ ಬರೀ ಪೇಪರ್ ಸುತ್ತಿದ ಬಾಟಲಿಗಳು ದಾರಿಯಲ್ಲೇ ಒಡೆದು, ಎಣ್ಣೆ ಸೋರಿದ ಪೆಟ್ಟಿಗೆಗಳು ಒಂದೊಂದಾಗಿ ವಾಪಸ್ ಬಂದವು.

"ಪ್ಲಾಸ್ಟಿಕ್ಕೇ ಸುತ್ತಮ್ಮ, ಇಲ್ಲಾ ಈ ಕೆಲಸ ಬಿಟ್ಬಿಡು," ಎಂದರು ಅತ್ತೆ ಸಪ್ಪಲಮ್ಮ.

"ಎರಡೂ ನನ್ ಕೈಲಾಗಲ್ಲ ಅತ್ತೆ," ಎಂದಳು ಮಮತ.

ಬಾಟಲಿಯ ಸುತ್ತ ರಾಗಿ ಹುಲ್ಲು ತುಂಬಿ, ಪೆಟ್ಟಿಗೆಯನ್ನು ತಾನೇ ಮಹಡಿ ಮೆಟ್ಟಿಲಿಂದ ಬೀಳಿಸಿ ನೋಡಿದಳು. ಒಡೆಯಿತು. ಇನ್ನಷ್ಟು ತುಂಬಿದಳು, ಮತ್ತೆ ಒಡೆಯಿತು. ಪೆಟ್ಟಿಗೆಯೇ ದೊಡ್ಡದು, ಬಾಟಲಿ ಒಳಗೆ ಓಡಾಡುತ್ತಿದೆ ಎಂದು ಆಗ ಹೊಳೆಯಿತು. ರಟ್ಟು ಕತ್ತರಿಸಿ ಬಾಟಲಿಯ ಅಳತೆಗೇ ಪೆಟ್ಟಿಗೆ ಮಾಡಿ, ಹುಲ್ಲನ್ನು ಬಿಗಿಯಾಗಿ ಒತ್ತಿ, ಕಣ್ಣು ಮುಚ್ಚಿ ಬೀಳಿಸಿದಳು. ಬಿಚ್ಚಲು ಧೈರ್ಯ ಬರಲಿಲ್ಲ. ಸಪ್ಪಲಮ್ಮನೇ ಬಿಚ್ಚಿ, ಒಡೆಯದ ಬಾಟಲಿಯನ್ನು ಅವಳ ಕೈಗಿಟ್ಟರು.