‘ನನ್ನ ಭಾಷೆಯಲ್ಲಿ ಓದಿ ಹೇಳಲಾಗಿದೆ’

ಕೊರೊನಾ ಇಳಿದ ಮೇಲಿನ ಎರಡನೆಯ ಮುಂಗಾರು ಅದು. ನನಗಾಗ ಐವತ್ತೊಂದು ವರ್ಷ. ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ಉಮರ್ಗಾದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷ ನರ್ಸ್ ಆಗಿ ದುಡಿದಿದ್ದೆ. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ವಯಸ್ಸಾಯಿತೆಂದು ಬಾಗಿಲು ಹಾಕಿದಾಗ ನಾನು ಮನೆಯಲ್ಲಿ ಕೂರಬೇಕಾಯಿತು. ಆ ಹೊತ್ತಿಗೆ ಉಮರ್ಗಾ, ನಿಲಂಗಾ, ಉದಗೀರ ಈ ಮೂರರ ನಡುವಿನ ಒಂದು ಊರಿನ ಖಾಸಗಿ ಆಸ್ಪತ್ರೆಯಿಂದ ಕರೆ ಬಂತು. ಆ ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ, ಅದೊಂದೇ ಕಡೆ ಹೀಗೆ ನಡೆಯುತ್ತದೆ ಎಂದು ಓದಿದವರು ನಿರಾಳವಾಗುತ್ತಾರೆ. ಆ ನೆಮ್ಮದಿಯನ್ನು ಕೊಡುವ ಮನಸ್ಸು ನನಗಿಲ್ಲ.

ಹುದ್ದೆಯ ಹೆಸರು ಪೇಶಂಟ್ ಕೌನ್ಸೆಲರ್. ರೋಗಿಗೆ ತನ್ನ ಕಾಯಿಲೆ ಏನು, ಅದಕ್ಕೆ ಯಾವ ಯಾವ ಚಿಕಿತ್ಸೆಯಿದೆ, ಯಾವುದರಿಂದ ಏನು ಲಾಭ, ಏನು ಅಪಾಯ ಎಂಬುದನ್ನು ಅವರ ಮಾತಿನಲ್ಲಿ ತಿಳಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸುವುದು ಈ ಕೆಲಸ. ಗಡಿಯಾಚೆಯ ಬಸವಕಲ್ಯಾಣ, ಆಳಂದದ ಕಡೆಯಿಂದಲೂ ಗಡಿಯೀಚೆಯ ಕಾಸಾರಶಿರಸಿ ಸುತ್ತಿನ ಹಳ್ಳಿಗಳಿಂದಲೂ ಕನ್ನಡದ ಹೆಂಗಸರು ಬರುತ್ತಾರೆ, ಡಾಕ್ಟರರಿಗೆ ಮರಾಠಿ, ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ, ಅದಕ್ಕೇ ನೀವು ಬೇಕು ಎಂದು ಮ್ಯಾನೇಜರ್ ಹೇಳಿದ. ಬೇರೆ ಕೋಣೆ ಕೊಡುತ್ತೇವೆ, ಒಬ್ಬೊಬ್ಬ ರೋಗಿಗೆ ಅರ್ಧ ಗಂಟೆ ಕೊಡಬಹುದು ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ, ಇಂಥ ಕೆಲಸ ಇಷ್ಟು ವರ್ಷ ಎಲ್ಲಿ ಅಡಗಿತ್ತು ಎಂದುಕೊಂಡೆ.

ಸಂದರ್ಶನದಲ್ಲಿ ಅವನು ನನ್ನ ಅನುಭವದ ಪತ್ರಗಳನ್ನು ತೆರೆದೂ ನೋಡಲಿಲ್ಲ. ಕೇಳಿದ್ದು ಒಂದೇ ಮಾತು: “ಮ್ಯಾಡಮ್, ನಿಮ್ಮ ಮಾವನೋರಿಗಿ ಎಷ್ಟ ಹಳ್ಳಿ ನಡೀತಾವರೀ?” ನಮ್ಮದು ಜಂಗಮರ ಮನೆತನ. ಮಾಕಣಿಯಿಂದ ಕಾಸಾರಶಿರಸಿಯವರೆಗೆ ಹಲವು ಹಳ್ಳಿಗಳಲ್ಲಿ ಹೊಸ ಮನೆ ಹೊಗಿಸುವುದು, ತೊಟ್ಟಿಲ ಮಕ್ಕಳಿಗೆ ಲಿಂಗ ಕಟ್ಟುವುದು, ಸತ್ತವರಿಗೆ ಮಣ್ಣು ಕೊಡುವುದು, ಎಲ್ಲಕ್ಕೂ ನಮ್ಮ ಮಾವನವರೇ ಹೋಗಬೇಕು. ನಾನು ಹೆಮ್ಮೆಯಿಂದ ಹಳ್ಳಿಗಳ ಹೆಸರನ್ನೆಲ್ಲ ಹೇಳಿದೆ. ಅವನು ಒಂದು ಹಾಳೆಯ ಮೇಲೆ ಬರೆದುಕೊಂಡ. ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಆಗಲೇ ಬುದ್ಧಿ ಬರಬೇಕಿತ್ತು.

ಮೊದಲ ದಿನ ಬಿಳಿ ಯುನಿಫಾರ್ಮ್ ತೊಟ್ಟು ಹೋದೆ. “ಇದು ಬ್ಯಾಡ ಮ್ಯಾಡಮ್, ಮನ್ಯಾಗ ಉಡೂ ಸೀರಿ ಉಡ್ರಿ. ಹಣಿಮ್ಯಾಲ ವಿಭೂತಿ ಇರ್ಲಿ,” ಎಂದ ಮ್ಯಾನೇಜರ್. ಕೋಣೆ ಎಲ್ಲಿ ಎಂದರೆ, ಆಪರೇಷನ್ ಥಿಯೇಟರಿನ ಬಾಗಿಲ ಪಕ್ಕದಲ್ಲಿ ಒಂದು ಮೇಜು, ಎರಡು ಕುರ್ಚಿ. ಎದುರಿಗೆ ರೋಗಿಗಳು ಕಾಯುವ ಬೆಂಚುಗಳು. ಅರ್ಧ ಗಂಟೆಯ ಬದಲು ಹತ್ತು ನಿಮಿಷ. ಸಂಬಳ ಮಾತ್ರ ಹೇಳಿದಷ್ಟೇ ಕೊಟ್ಟರು, ಆ ವಿಷಯದಲ್ಲಿ ಒಂದು ಮಾತಿಲ್ಲ.

ಕೆಲಸವೇನೆಂದು ಎರಡನೆಯ ವಾರ ತಿಳಿಯಿತು. ಆಪರೇಷನ್ನಿಗೆ ಮೊದಲು ರೋಗಿ ಸಹಿ ಮಾಡುವ ಒಪ್ಪಿಗೆ ಪತ್ರ ಇರುತ್ತದಲ್ಲ, ಅದರ ಕೊನೆಯಲ್ಲಿ ‘ಮೇಲಿನದೆಲ್ಲವನ್ನೂ ನನ್ನ ಭಾಷೆಯಲ್ಲಿ ಓದಿ ಹೇಳಲಾಗಿದೆ’ ಎಂಬ ಒಂದು ಸಾಲಿದೆ. ಅದರ ಕೆಳಗೆ ಓದಿ ಹೇಳಿದವರ ಸಹಿ. ಅಲ್ಲಿಗೆ ನಾನು ಬೇಕಿದ್ದೆ. ಸೋಮವಾರದ ಮೀಟಿಂಗಿನಲ್ಲಿ ‘ಕನ್ವರ್ಷನ್’ ಕೇಳುತ್ತಿದ್ದರು. ಆಪರೇಷನ್ ಬೇಕೆಂದು ಹೇಳಲಾದ ರೋಗಿಗಳಲ್ಲಿ ಎಷ್ಟು ಜನ ಒಪ್ಪಿದರು ಎಂಬ ಲೆಕ್ಕಕ್ಕೆ ಆ ಹೆಸರು. ನಾನು ಬರುವ ಮೊದಲು ಕನ್ನಡದ ಹೆಂಗಸರು “ಮನ್ಯಾಗ ಕೇಳಿ ಬರ್ತೀವಿ” ಎಂದು ಹೋಗಿಬಿಡುತ್ತಿದ್ದರಂತೆ. ಈಗ ಹೋಗುತ್ತಿರಲಿಲ್ಲ.

ಯಾಕೆ ಹೋಗುತ್ತಿರಲಿಲ್ಲ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಜಂಗಮರ ಮನೆಯ ಸೊಸೆಯೆಂದರೆ ಆಕೆಯೂ ‘ಅಮ್ಮಾರು’. ಹಿರಿಯರೂ ಕಾಲು ಮುಟ್ಟುತ್ತಾರೆ. ತಮ್ಮ ಮಗುವಿಗೆ ಲಿಂಗ ಕಟ್ಟಿದ ಮನೆಯ ಅಮ್ಮಾರು ಒಂದು ಕಾಗದ ಮುಂದಿಟ್ಟರೆ ಅದರಲ್ಲಿ ಏನಿದೆ ಎಂದು ಕೇಳುವುದು ಅವರ ಪಾಲಿಗೆ ಉದ್ಧಟತನ. ನನ್ನ ಕೈಯಲ್ಲಿ ಪೆನ್ನಿದ್ದರೆ ಸಾಕು, ಅವರು ಕೈ ಚಾಚುತ್ತಿದ್ದರು. ನರ್ಸಿನ ಕಲಿಕೆ ಆಸ್ಪತ್ರೆಗೆ ಬೇಕಿರಲಿಲ್ಲ, ಈ ಕಾಲುಗಳು ಬೇಕಿದ್ದವು.

ಶಾಂತಾಬಾಯಿ ಬಂದದ್ದು ಆ ದಿನಗಳಲ್ಲೇ. ಕಾಸಾರಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು ನಲವತ್ತೆರಡು, ಸಂತೆಯಲ್ಲಿ ಬಳೆ ಮಾರುತ್ತಾಳೆ. ನಡ ನೋವು, ಬಿಳಿಸೆರಗು. ಡಾಕ್ಟರರು ಫೈಲಿನಲ್ಲಿ ಗರ್ಭಕೋಶ ತೆಗೆಯಬೇಕು, ಬಿಟ್ಟರೆ ಕ್ಯಾನ್ಸರ್ ಆಗಬಹುದು ಎಂದು ಬರೆದಿದ್ದರು. ಗರ್ಭಕೋಶಕ್ಕೆ ಇಲ್ಲಿಯ ಹೆಂಗಸರು ಮರಾಠಿಯ ‘ಪಿಶವಿ’ ಅನ್ನುತ್ತಾರೆ, ಚೀಲ ಎಂದರ್ಥ. “ಪಿಶವಿ ತೆಗೀಬೇಕಂತ ಶಾಂತಾಬಾಯಿ,” ಎಂದೆ. “ಅಮ್ಮಾರ, ನೀವು ಹೂಂ ಅಂದ್ರ ಹೂಂ. ನಾ ಏನ ಬಲ್ಲೆ,” ಎಂದಳು. ಡಾಕ್ಟರರು ಬರೆದಿದ್ದಾರೆ, ಸರಿಯೇ ಇರುತ್ತದೆ ಎಂದು ನಾನು ನಂಬಿದ್ದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಮೇಲಿನ ಸಾಲುಗಳಲ್ಲಿ ಒಂದನ್ನೂ ಓದದೆ ಕೆಳಗೆ ಸಹಿ ಮಾಡಿದೆ. ಹೀಗೆ ಎರಡು ತಿಂಗಳಲ್ಲಿ ಹನ್ನೊಂದು ಜನ ಹೆಂಗಸರು ನನ್ನ ಮಾತಿಗೆ ಸಹಿ ಹಾಕಿದರು.

ಕಣ್ಣು ತೆರೆದದ್ದು ಒಂದು ಮಧ್ಯಾಹ್ನ. ಫೈಲುಗಳನ್ನು ಜೋಡಿಸುವಾಗ ಮೂವರ ಸೋನೋಗ್ರಫಿ ವರದಿಗಳು ಒಟ್ಟಿಗೆ ಕೈಗೆ ಬಂದವು. ಗರ್ಭಕೋಶದ ಉದ್ದ ಒಂಬತ್ತೂವರೆ ಸೆಂಟಿಮೀಟರ್, ಅಗಲ ಐದು. ಮೂರರಲ್ಲೂ ಅದೇ. ಒಬ್ಬಳು ಒಂದೇ ಹೆತ್ತವಳು, ಒಬ್ಬಳು ನಾಲ್ಕು ಹೆತ್ತವಳು, ಇನ್ನೊಬ್ಬಳು ಮುಟ್ಟು ನಿಲ್ಲುವ ವಯಸ್ಸಿನವಳು. ಮೂವರಿಗೆ ಒಂದೇ ಅಳತೆಯ ರವಿಕೆ ಆಗುವುದಿಲ್ಲ, ಗರ್ಭಕೋಶ ಹೇಗಾಗುತ್ತದೆ? ಕ್ಯಾನ್ಸರಿನ ಅನುಮಾನವಿದ್ದರೆ ಮೊದಲು ಗರ್ಭಕೋಶದ ಬಾಯಿಯಿಂದ ತುಸು ಒರೆಸಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಪ್ಯಾಪ್ ಟೆಸ್ಟ್ ಎನ್ನುತ್ತಾರೆ. ಒಂದು ಫೈಲಿನಲ್ಲೂ ಅದು ಇರಲಿಲ್ಲ. ಶಾಂತಾಬಾಯಿಯ ಫೈಲಿನಲ್ಲೂ ಇರಲಿಲ್ಲ.

ಡಾಕ್ಟರರ ಬಳಿ ಹೋಗಿ ಕೇಳಿದೆ. ಅವರು ಫೋನಿನಿಂದ ತಲೆ ಎತ್ತದೆ ಮರಾಠಿಯಲ್ಲಿ, ನಿಮ್ಮನ್ನು ಇಟ್ಟುಕೊಂಡಿರುವುದು ಮಾತಾಡುವುದಕ್ಕೆ, ವರದಿ ಓದುವುದಕ್ಕಲ್ಲ ಎಂದರು. ಆ ಗಳಿಗೆಯಲ್ಲೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದರೆ ಇವತ್ತು ಈ ಬರಹದಲ್ಲಿ ನನ್ನ ಮುಖ ಸ್ವಲ್ಪ ಚೆಂದ ಕಾಣುತ್ತಿತ್ತು. ಹೊರಡಲಿಲ್ಲ. ಬೇರೆ ಕೆಲಸ ನೋಡಿಕೊಂಡು ಬಿಡೋಣ ಎಂದು ಒಂದು ವಾರ ತಳ್ಳಿದೆ. ಆ ವಾರ ಯಾರ ಸಹಿಯನ್ನೂ ತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ನನ್ನ ಪರವಾಗಿ ಹೇಳಬಹುದಾದ ಮಾತು.

ಎಂಟನೆಯ ದಿನ ಶಾಂತಾಬಾಯಿ ಮತ್ತೆ ಬಂದಳು. ಈ ಸಲ ಸೊಸೆ ಜಗದೇವಿಯನ್ನು ಕರೆತಂದಿದ್ದಳು. ಇಪ್ಪತ್ತೆರಡರ ಹುಡುಗಿ, ಬಸವಕಲ್ಯಾಣ ಕಡೆಯ ತವರು, ತೊಡೆಯ ಮೇಲೆ ಒಂದೂವರೆ ವರ್ಷದ ಕೂಸು. ಅವಳಿಗೂ ಬಿಳಿಸೆರಗು. ಫೈಲು ತೆರೆದೆ. ಉದ್ದ ಒಂಬತ್ತೂವರೆ, ಅಗಲ ಐದು. ಕೆಳಗೆ, ಗರ್ಭಕೋಶ ತೆಗೆಯುವುದು, ನಾಳೆ ಬೆಳಿಗ್ಗೆ.

“ನಂದು ಆದಾಗಿಂದ ಮೈ ಉರೀತದ್ರೀ ಅಮ್ಮಾರ, ಕೊಡ ಎತ್ತಲಾಕ ಆಗವಲ್ದು,” ಎಂದಳು ಶಾಂತಾಬಾಯಿ ಕಾಲು ಮುಟ್ಟುತ್ತ. “ಆದ್ರ ಜೀವ ಉಳೀತಲ್ಲ. ಇಕಿಗೂ ಅದೇ ಸುರು ಆಗ್ಯಾದ. ದೊಡ್ಡ ರೋಗ ಆಗೂದಕ ಮೊದಲ ನಿಮ್ಮ ಕೈಯಾಗ ಕೊಡಮು ಅಂತ ಕರಕೊಂಡ ಬಂದೀನಿ.”

ನಿಮ್ಮ ಕೈಯಾಗ! ಮ್ಯಾನೇಜರ್ ಬಂದು ಪತ್ರವನ್ನು ಮೇಜಿನ ಮೇಲಿಟ್ಟು, “ಹತ್ತ ಮಿನಿಟ್, ಮ್ಯಾಡಮ್,” ಎಂದು ಪಕ್ಕದಲ್ಲೇ ನಿಂತ. ಒಂದು ವಾರದಿಂದ ಕನ್ವರ್ಷನ್ ಇಲ್ಲವೆಂದು ಅವನಿಗೆ ಅನುಮಾನ ಬಂದಿತ್ತು. ನಾನು ಪತ್ರ ಕೈಗೆತ್ತಿಕೊಂಡು ಮೊದಲ ಸಾಲಿನಿಂದ ಓದಲು ಶುರು ಮಾಡಿದೆ. ಬೆಂಚಿನ ಕೊನೆಯವರಿಗೂ ಕೇಳುವಷ್ಟು ದನಿ ಎತ್ತಿ, ಇಂಗ್ಲಿಷಿನ ಒಂದೊಂದು ಸಾಲನ್ನೂ ನಮ್ಮ ಮಾತಿಗೆ ತಿರುಗಿಸಿ ಓದಿದೆ.

“ಜಗದೇವಿ, ಇದರಾಗ ಬರದದ, ನನ್ನ ಪಿಶವಿ ಪೂರಾ ತೆಗೀತಾರ. ಮುಂದ ನನಗ ಮಕ್ಕಳಾಗಂಗಿಲ್ಲ.”

“ಮಕ್ಕಳಾಗಂಗಿಲ್ಲಾ?” ಹುಡುಗಿ ಕೂಸನ್ನು ಎದೆಗೆ ಎಳೆದುಕೊಂಡಳು. “ಒಳಗ ಹುಣ್ಣ ಆಗ್ಯಾದ, ಅದರದು ಸಣ್ಣ ಆಪರೇಷನ್ ಅಂದಾರಲ್ಲರೀ.”

“ಮತ್ತ ಬರದದ, ಅಂಡಾಶಯನೂ ತೆಗೀಬಹುದು. ತೆಗದ್ರ ಮೈ ಉರೀತದ, ಎಲುಬು ಸವೀತಾವ. ಅದರ ಕೆಳಗ, ಗುಳಿಗಿ ಔಷಧದಿಂದ ಆರಾಮ ಆಗೂ ದಾರಿ ನನಗ ತಿಳಿಸ್ಯಾರ, ನಾನೇ ಬ್ಯಾಡ ಅಂದೀನಿ.”

“ಯಾರೂ ತಿಳಿಸಿಲ್ರೀ!”

“ಬಸ್ ಮ್ಯಾಡಮ್,” ಎಂದು ಮ್ಯಾನೇಜರ್ ಪತ್ರಕ್ಕೆ ಕೈ ಹಾಕಿದ. “ಇಷ್ಟೆಲ್ಲಾ ಓದೂದು ಬ್ಯಾಡ, ಪೇಶಂಟ್ ಘಾಬರಿ ಆಗತಾರ.”

“ನೀವೇ ಛಾಪಿಸೀರಿ, ನಾ ಓದ್ಲಾಕತ್ತೀನಿ. ಇದೇ ಕೆಲಸಕ್ಕ ಇಟ್ಕೊಂಡೀವಿ ಅಂದಿದ್ರಿ,” ಎಂದು ಅವನ ಕೈ ಸರಿಸಿ ಮುಂದಿನ ಸಾಲಿಗೆ ಹೋದೆ. ರಕ್ತ ಹೋಗಬಹುದು, ಮೂತ್ರಕೋಶಕ್ಕೆ ಪೆಟ್ಟಾಗಬಹುದು, ಎಲ್ಲ ಓದಿದೆ. ಕೊನೆಯ ಸಾಲಿಗೆ ಬಂದಾಗ ಶಾಂತಾಬಾಯಿ ನನ್ನನ್ನೇ ನೋಡುತ್ತಿದ್ದಳು.

“ಅಮ್ಮಾರ,” ಎಂದಳು ಮೆಲ್ಲಗೆ. “ನನಗ ಇದ್ಯಾವದೂ ಓದಿ ಹೇಳಿದ್ದಿಲ್ಲಲ್ಲರೀ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ, ತಾನೇ ಮರೆತಿರಬಹುದೇನೋ ಎಂಬ ಅನುಮಾನವಿತ್ತು.

“ಇಲ್ಲ ಶಾಂತಾಬಾಯಿ. ನಾ ಓದ್ಲಿಲ್ಲ.”

ಜಗದೇವಿ ಎದ್ದಳು. ಮ್ಯಾನೇಜರ್, ಅಮ್ಮಾರಿಗೆ ಇವತ್ತು ಆರಾಮಿಲ್ಲ, ನೀವು ಕೂಡ್ರಿ ಎಂದು ಅಡ್ಡ ನಿಂತ. “ಸರೀರಿ ಆಕಡಿ,” ಎಂದಳು ಆ ಹುಡುಗಿ. “ನನ್ನ ಮೈ ಅದ ಇದು. ಬ್ಯಾರೆ ಕಡಿ ತೋರಸ್ತೀನಿ.” ಶಾಂತಾಬಾಯಿಯೂ ಬೆಂಚಿನ ಮೇಲಿದ್ದ ಇನ್ನಿಬ್ಬರೂ ಅವಳ ಹಿಂದೆ ಎದ್ದು ಹೋದರು. ನಾನು ಕೊನೆಯ ಸಾಲಿನ ಕೆಳಗೆ ಸಹಿ ಮಾಡದೆ ಪತ್ರವನ್ನು ಮೇಜಿನ ಮೇಲಿಟ್ಟು, ಅದೇ ಮೇಜಿನ ಮೇಲೆ ರಾಜೀನಾಮೆ ಬರೆದುಕೊಟ್ಟೆ. ಶಿಸ್ತಿಲ್ಲವೆಂದು ನನ್ನನ್ನು ಅವರೇ ತೆಗೆದುಹಾಕಿದರೆಂದು ಆಮೇಲೆ ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ.

ಜಗದೇವಿಯನ್ನು ಮಾರನೆಯ ದಿನ ನಾನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೋಂಕು ಅಷ್ಟೇ ಎಂದರು ಅಲ್ಲಿಯ ಡಾಕ್ಟರರು. ಗಂಡ ಹೆಂಡತಿ ಇಬ್ಬರೂ ಕೆಲವು ದಿನ ಗುಳಿಗೆ ತೆಗೆದುಕೊಳ್ಳಬೇಕಿತ್ತು. ಪ್ಯಾಪ್ ಟೆಸ್ಟಿನಲ್ಲೂ ಏನೂ ಕಾಣಲಿಲ್ಲ. ಗುಳಿಗೆಯಿಂದ ಹೋಗುವ ಸೋಂಕಿಗೆ ಇಪ್ಪತ್ತೆರಡು ವರ್ಷದವಳ ಗರ್ಭಕೋಶವನ್ನೇ ಕಿತ್ತು ಹಾಕಲು ಹೊರಟಿದ್ದರು! ದೂರು ಕೊಡಬೇಕಾದ ಕಡೆಯೆಲ್ಲ ಬರೆದುಕೊಟ್ಟೆ. ಒಂದು ದಿನ ಅಧಿಕಾರಿಗಳು ಕರೆಸಿ ವಿಚಾರಿಸಿದರು. ಒಪ್ಪಿಗೆ ಪತ್ರಗಳೆಲ್ಲ ಸರಿಯಾಗಿವೆ, ಓದಿ ಹೇಳಿದವರ ಸಹಿಯೂ ಇದೆ ಎಂದು ಆಸ್ಪತ್ರೆಯವರು ತೋರಿಸಿದರು. ಆ ಸಹಿ ನನ್ನದು. ನಾನು ಓದಿ ಹೇಳಿರಲಿಲ್ಲ ಎಂದು ನಾನೇ ಹೇಳಿದೆ, ಬರೆದುಕೊಂಡರು. ಆಮೇಲೆ ಏನಾಯಿತೆಂದು ಇವತ್ತಿಗೂ ನನಗೆ ಯಾರೂ ತಿಳಿಸಿಲ್ಲ.

ಮನೆಯಲ್ಲಿ ಮಾವನವರಿಗೆ ಎಲ್ಲ ಹೇಳಿದೆ. ಎಂಬತ್ತರ ಹತ್ತಿರದ ಜೀವ. “ನಮ್ಮ ಮನಿತನಾನೇ ನೌಕರಿಗಿ ಇಟ್ಕೊಂಡಿದ್ರು ಅವ್ರು, ನಿನಗಲ್ಲ. ನಡಿ, ಹನ್ನೊಂದ ಮನಿಗೂ ಹೋಗಿ ಬರಮು,” ಎಂದರು. ಇಬ್ಬರೂ ಬಸ್ಸಿನಲ್ಲಿ ಊರೂರು ತಿರುಗಿದೆವು. ಹೆಚ್ಚಿನವರು, ನಾನು ತಪ್ಪಾಯಿತು ಎನ್ನುವ ಮೊದಲೇ ಕಾಲು ಮುಟ್ಟಿ ಚಹಾ ಇಟ್ಟರು. ಒಬ್ಬಾಕೆಯ ಗಂಡ ಒಳಗೆ ಬಿಡಲಿಲ್ಲ. ಅವನು ಮಾಡಿದ್ದು ಸರಿ ಎಂದು ನನಗನ್ನಿಸಿತು.

ಹೊಸ ಕೆಲಸಕ್ಕೆ ಸೇರುವ ಹುಡುಗಿಯರು ಈಗ ನನ್ನ ಬಳಿ ಸಲಹೆ ಕೇಳಲು ಬಂದರೆ, ಹುದ್ದೆಯ ಹೆಸರನ್ನು ನಂಬಬೇಡಿ, ನಿಮ್ಮ ಸಹಿ ಎಲ್ಲೆಲ್ಲಿ ಬೀಳಬೇಕು ಎಂದು ಮೊದಲು ಕೇಳಿ ಎನ್ನುತ್ತೇನೆ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಎಂದು ಗೊತ್ತಾದ ದಿನವೇ ಎದ್ದು ಬನ್ನಿ, ಒಂದು ವಾರ ತಳ್ಳಬೇಡಿ. ನಮಗೆ ಮೋಸ ಮಾಡಿದರು ಎಂದು ನಾವು ಕೂಗಾಡಬಹುದು. ಆದರೆ ನಮ್ಮ ಕೈಯಿಂದ ಆದ ಮೋಸಕ್ಕೆ ಅದು ಸಮಾಧಾನವಲ್ಲ.

ಆ ಹನ್ನೊಂದು ಮನೆಗಳಲ್ಲಿ ಶಾಂತಾಬಾಯಿಯ ಮನೆಗೆ ಕೊನೆಗೆ ಹೋದೆವು. ಮಾವನವರಿಗೆ ಚಾಪೆ ಹಾಸಿ ನೀರು ಕೊಟ್ಟಳು. ನನ್ನ ಕಾಲು ಮುಟ್ಟಲಿಲ್ಲ. ಎದುರಿಗೆ ಸರಿಸಮಕ್ಕೆ ಕುಳಿತು, “ಈಗ ಹೇಳ್ರಿ ಅಮ್ಮಾರ, ನನ್ನ ಹೊಟ್ಯಾಗಿಂದು ಏನೇನ್ ತೆಗದಾರ?” ಎಂದಳು. ಹೇಳಿದೆ. “ಈ ಉರಿ ಎಷ್ಟ ದಿನ ಇರ್ತದ? ಇದಕ್ಕ ಗುಳಿಗಿ ಅದ ಏನು? ತೊಗೊಂಡ್ರ ಬ್ಯಾರೆ ಏನರೆ ಆಗತದ?” ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಕೇಳಿ ಬರುತ್ತೇನೆ ಎಂದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವಳು ಕೇಳುತ್ತ ಹೋದಳು, ನಾನು ಉತ್ತರ ಹೇಳುತ್ತ ಹೋದೆ. ನನಗೆ ಕೊಡುತ್ತೇವೆಂದು ಹೇಳಿದ್ದ ಕೆಲಸ ಅದೇ ಆಗಿತ್ತು.