ಸುಮಂತಿ ಕೇಳಿಸಿಕೊಂಡದ್ದು

ನಾನು ಬಸ್ರೂರಿನಲ್ಲಿ ಐದನೇ ಕ್ಲಾಸು ಓದುತ್ತಿದ್ದ ಆ ದಿನಗಳಲ್ಲಿ, ನಮ್ಮ ಕುಂದಾಪುರದ ಕನ್ನಡ ಹೊರಗಿನವರಿಗೆ ಏಳು ಜನ್ಮಕ್ಕೂ ತಿಳಿಯದು ಎಂಬ ಜಂಬ ಊರಿಗೆಲ್ಲ ಇತ್ತು. ಘಟ್ಟದ ಮೇಲಿನಿಂದ ಬಂದ ಕನ್ನಡ ಮೇಷ್ಟ್ರೇ ನಮ್ಮ ವೇಗಕ್ಕೆ ಕಂಗಾಲಾಗುತ್ತಿದ್ದರು. ಹಾಗಾಗಿ ಪರವೂರಿನವರ ಎದುರೇ ಅವರನ್ನು ಆಡಿಕೊಳ್ಳುವುದು ನಮಗೆ ತಪ್ಪೆಂದು ಅನಿಸಿದ್ದೇ ಇಲ್ಲ.

ಆ ಜೂನ್‌ನಲ್ಲಿ ಸುಮಂತಿ ಬಂದಳು. ಜಾರ್ಖಂಡಿನವಳು. ಅವಳಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುತ್ತಿದ್ದರು. ಟೀಚರ್ ಅವಳನ್ನು ನನ್ನ ಪಕ್ಕ ಕೂರಿಸಿ, "ದಿನಾ ಮಾತಾಡ್ಸ್. ಹೊಸ ಶಬ್ದ ಎಂತ ಹೇಳ್ತ್ ಅಂದೇಳಿ ಬರ್ದಿಡ್" ಎಂದರು. ನಾನು ದೊಡ್ಡ ಪಂಡಿತೆಯ ಗತ್ತಿನಲ್ಲಿ ಬರೆದೆ. ಜೂನ್‌ನಲ್ಲಿ "ಹಾಂ", "ಇಲ್ಲೆ". ಆಸಾಡಿ ತಿಂಗಳ ಮಳೆಗೆ "ಎಂತ", "ನೀರ್", "ಬಾ". ದೀಪಾವಳಿ ಹತ್ತಿರ ಬಂದರೂ ಒಂದು ಸಲಕ್ಕೆ ಎರಡು ಶಬ್ದ ದಾಟಲಿಲ್ಲ. ಕಲಿಸುವವಳು ನಾನಲ್ಲವೇ, ನನಗೆ ಸಿಟ್ಟೇ ಬಂತು.

ಸಂಜೆ ಅವಳಮ್ಮ ಬರುವ ತನಕ ಸುಮಂತಿ ನಮ್ಮ ಮನೆಯಲ್ಲಿರುತ್ತಿದ್ದಳು. ಒಂದು ದಿನ ಅಮ್ಮ ಬಿಸಿ ನೀರುದೋಸೆ, ಬೆಲ್ಲ ಕಲಸಿದ ಕಾಯಿತುರಿ ಬಡಿಸುತ್ತಿದ್ದಾಗ ನಾನು ಶುರು ಮಾಡಿದೆ.

"ಅಮ್ಮಾ, ಈ ಹೆಣ್ಣಿನ್ ತಲ್ಯಂಗೆ ಎಂತದೂ ಇಲ್ಲೆ. ಟೀಚರ್ ಹೇಳಿರ್ ಅಂದೇಳಿ ಒಟ್ಟಿಗ್ ಕೂಕಂತೆ, ಇಲ್ದಿರೆ ನಂಗ್ ಬ್ಯಾಡ. ಮೈಯೆಲ್ಲ ಗೇರ್ಬೀಜದ್ ಎಣ್ಣಿ ವಾಸ್ನಿ."

"ಹೆಣೆ! ಅದ್ರ್ ಎದ್ರಿಗೇ ಹೇಳ್ತ್ಯಾ?" ಅಮ್ಮ ನನ್ನನ್ನು ಗದರಿದರು.

"ಅದ್ಕ್ ಎಂತ ಗೊತ್ತಾತ್?"

ಸುಮಂತಿ ತಟ್ಟೆ ಕೆಳಗಿಟ್ಟಳು. ಅಮ್ಮನ ಕಡೆ ತಿರುಗಿ, ಒಂದಿಷ್ಟೂ ತಡವರಿಸದೆ ಹೇಳಿದಳು: "ದೋಸಿ ಲಾಯ್ಕಿತ್ತ್ ಅಮ್ಮಾ. ನಾಳಿಂದ ನಾನ್ ಬೇರೆ ಬೆಂಚಂಗೆ ಕೂಕಂತೆ. ಟೀಚರಿಗ್ ನಾನೇ ಹೇಳ್ತೆ. ಬತ್ತೆ."

ಅಮ್ಮನ ಕೈಯ ಸಟ್ಟುಗ ಹಾಗೇ ನಿಂತಿತು. ನಮ್ಮದೇ ಮಾತು, ನಮ್ಮದೇ ಓಟ! ಐದು ತಿಂಗಳು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ನಾನು ಅವಳ ಬಾಯಿಯನ್ನು ಮಾತ್ರ ಕಾಯುತ್ತಿದ್ದೆ. ಇದಕ್ಕೆ ಮೊದಲು ಅವಳೆದುರು ಏನೇನೆಲ್ಲ ಅಂದಿದ್ದೆನೋ, ಒಂದೊಂದಾಗಿ ನೆನಪಾಗತೊಡಗಿತು.

ಮರುದಿನವೇ ಅವಳು ಎರಡು ಬೆಂಚು ಮುಂದೆ ಹೋಗಿ ಕೂತಳು. ಆಮೇಲೆ ಅವಳ ಮಾತಿಗೆ ತಡೆಯೇ ಇರಲಿಲ್ಲ. ಡಿಸೆಂಬರ್‌ಗೆ ಜಗಳ, ಜನವರಿಗೆ ತಮಾಷೆ, ಮಾರ್ಚ್‌ಗೆ ಮೇಷ್ಟ್ರ ಅಣಕ. ತನ್ನೂರಿನ ಕಾಡಾನೆ ಮನೆಗೆ ನುಗ್ಗಿದ ಕಥೆ ತೆಗೆದರೆ ಕ್ಲಾಸಿಗೆ ಕ್ಲಾಸೇ ಬಾಯಿ ಬಿಟ್ಟು ಕೂರುತ್ತಿತ್ತು. "ನಂದ್ ತಪ್ಪಾಯ್ತ್" ಎಂದು ಒಮ್ಮೆ ಹೇಳಿದೆ. ತಲೆಯಾಡಿಸಿ ಆಟಕ್ಕೆ ಹೋದಳು. ಏಪ್ರಿಲ್‌ನಲ್ಲಿ ಅವಳ ಮನೆಯವರು ಊರು ಬಿಟ್ಟರು.

ಈಗ ಬ್ರಹ್ಮಾವರ, ಕುಂದಾಪುರದ ಶಾಲೆಗಳಿಗೆ ಹೋಗಿ, ಹೊರಗಿನಿಂದ ಬಂದ ಮಕ್ಕಳು ವರ್ಷದಿಂದ ವರ್ಷಕ್ಕೆ ಮಾತುಕತೆ ಹೇಗೆ ಕಲಿಯುತ್ತಾರೆಂದು ಅಭ್ಯಾಸ ಮಾಡುವುದೇ ನನ್ನ ಕೆಲಸ. ಎಷ್ಟೋ ಮಕ್ಕಳು ನನ್ನೊಡನೆ ಹರಟಿದ್ದಾರೆ. ಆದರೆ ಆ ಆನೆ ಕೊನೆಗೆ ಏನು ಮಾಡಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗಿಂತ ಎರಡು ಬೆಂಚು ಹಿಂದೆ ಕೂತ ನನಗೆ ಅರ್ಧವೇ ಕೇಳುತ್ತಿತ್ತು, ಉಳಿದದ್ದನ್ನು ಅವಳ ಹತ್ತಿರ ಕೇಳಲು ನನಗೆ ಬಾಯಿರಲಿಲ್ಲ.